ಕಾನೂರು ಕೋಟೆಯ ಬಾಗಿಲು ಯಾರಿಗೆ ತೆರೆಯಬೇಕು?

ಮಳೆಗಾಲ ಹಿಂದೆ ಸರಿದು ತೋಟಗಳಲ್ಲಿ ಕೊನೆಗೌಡರಿಗೆ ಬಿಡುವಿಲ್ಲದ ದಿನಗಳು ಬಂದಾಗ, ಮಲೆನಾಡಿನ ರಸ್ತೆಗಳಲ್ಲಿ ಇನ್ನೊಂದು ಬಗೆಯ ಸಂಚಾರವೂ ಆರಂಭವಾಗುತ್ತದೆ. ಶಾಲೆ-ಕಾಲೇಜುಗಳ ಪ್ರವಾಸದ ಬಸ್ಸುಗಳು ಜೋಗಕ್ಕೆ, ಸಿಗಂದೂರಿಗೆ, ಗೇರುಸೊಪ್ಪದ ಚತುರ್ಮುಖ ಬಸದಿಗೆ ಸಾಲುಗಟ್ಟುತ್ತವೆ. ಈ ಪಟ್ಟಿಗೆ ಇತ್ತೀಚಿನ ವರ್ಷಗಳಲ್ಲಿ ಸೇರಿದ ಹೆಸರು ಕಾನೂರು ಕೋಟೆ. 2025ರ ಜುಲೈ ತಿಂಗಳಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ರಾಣಿ ಚೆನ್ನಭೈರಾದೇವಿಯ ಸ್ಮರಣಾರ್ಥ ಅಂಚೆಚೀಟಿಯನ್ನು ಬಿಡುಗಡೆ ಮಾಡಿದ ಮೇಲಂತೂ ಆ ರಾಣಿಯ ಕೋಟೆಯನ್ನು ಕಾಣಬೇಕೆಂಬ ಕುತೂಹಲ ಹೆಚ್ಚಿದೆ. ಕುತೂಹಲದ ಹಿಂದೆಯೇ ಬೇಡಿಕೆಗಳೂ ಬರುತ್ತವೆ: ಕೋಟೆಗೆ ರಸ್ತೆಯಾಗಬೇಕು, ವಾಹನ ಬಾಗಿಲವರೆಗೆ ಹೋಗಬೇಕು, ಅಲ್ಲಿ ನೆರಳು, ನೀರು, ತಿಂಡಿಯ ಅಂಗಡಿ ಇರಬೇಕು.

ಕೋಟೆ ಇರುವ ಜಾಗ ಯಾವುದೆಂಬುದನ್ನು ಮೊದಲು ನೋಡಬೇಕು. ಸಾಗರ ತಾಲೂಕಿನ ಪಡುವಣ ಅಂಚಿನಲ್ಲಿ, ಶರಾವತಿ ಕಣಿವೆಯ ದಟ್ಟ ಕಾಡಿನ ನಡುವೆ, ಗೋಡೆ, ಬಾವಿ, ಗುಡಿ-ಬಸದಿಗಳ ಅವಶೇಷಗಳೊಡನೆ ಕಾನೂರು ಕೋಟೆ ಉಳಿದಿದೆ. ಸುತ್ತಲಿನ ಕಾಡು 1972ರಿಂದ ಶರಾವತಿ ಅಭಯಾರಣ್ಯ. 2019ರಲ್ಲಿ ಅದಕ್ಕೆ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವನ್ನೂ ನಡುವಿನ ಮೀಸಲು ಅರಣ್ಯಗಳನ್ನೂ ಸೇರಿಸಿ, ಒಟ್ಟು 930 ಚದರ ಕಿಲೊಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಎಂದು ಸರ್ಕಾರ ಘೋಷಿಸಿತು. ಹೀಗಾಗಿ ಕೋಟೆಯ ಬಾಗಿಲಿಗೆ ಹೋಗುವವರು ಒಂದು ಸ್ಮಾರಕಕ್ಕೆ ಮಾತ್ರ ಹೋಗುವುದಿಲ್ಲ. ಜಗತ್ತಿನಲ್ಲಿ ಪಶ್ಚಿಮಘಟ್ಟವೊಂದನ್ನು ಬಿಟ್ಟು ಬೇರೆಲ್ಲಿಯೂ ಇಲ್ಲದ ಒಂದು ಪ್ರಾಣಿಯ ಮನೆಯೊಳಕ್ಕೆ ಕಾಲಿಡುತ್ತಾರೆ.

ಕೋಟೆಯ ಕಥೆ ಆರಂಭವಾಗುವುದು ಮೆಣಸಿನ ಬಳ್ಳಿಯಿಂದ. ಗೇರುಸೊಪ್ಪ ಮತ್ತು ಹಾಡುವಳ್ಳಿಯನ್ನು ಆಳಿದ ಸಾಳುವ ಮನೆತನದ ಜೈನ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, ಅಂದರೆ ಐವತ್ತನಾಲ್ಕು ವರ್ಷ, ಅಧಿಕಾರದಲ್ಲಿದ್ದಳೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಹೊನ್ನಾವರ, ಭಟ್ಕಳದಂತಹ ರೇವುಗಳ ಮೂಲಕ ಹೊರಹೋಗುತ್ತಿದ್ದ ಕಾಳುಮೆಣಸು ಆಕೆಯ ಬೊಕ್ಕಸದ ಬಲವಾಗಿತ್ತು. ಪೋರ್ತುಗೀಸರು ಆಕೆಯನ್ನು ‘ರೈನಾ ದ ಪಿಮೆಂಟಾ’, ಮೆಣಸಿನ ರಾಣಿ, ಎಂದು ಕರೆದರು. ಹಾಗೆ ಕರೆದವರೇ ಆಕೆಯ ರೇವುಗಳ ಮೇಲೆ ದಾಳಿಯನ್ನೂ ಮಾಡಿದರು. ವ್ಯಾಪಾರಿಯ ಹೊಗಳಿಕೆಯ ಬೆನ್ನಿಗೆ ಹಡಗಿನ ಫಿರಂಗಿ ಇರುತ್ತದೆಂಬುದು ಕರಾವಳಿಗೆ ಹೊಸ ಪಾಠವೇನಲ್ಲ. ಕೊನೆಗೆ ರಾಣಿಯನ್ನು ಸೋಲಿಸಿದವರು ಪರದೇಶದವರಲ್ಲ. ಘಟ್ಟದ ಮೇಲಿನ ಕೆಳದಿಯ ಅರಸು ವೆಂಕಟಪ್ಪ ನಾಯಕ ಆಕೆಯನ್ನು ಸೆರೆಹಿಡಿದ, ಆಕೆಯ ಕೊನೆಗಾಲ ಸೆರೆಯಲ್ಲಿಯೇ ಕಳೆಯಿತು.

ಅದಾಗಿ ಎರಡು ದಶಕಗಳೊಳಗೆ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಪೋರ್ತುಗೀಸ್ ರಾಯಭಾರಿಯ ಜೊತೆಗೂಡಿ ಹೊನ್ನಾವರದಿಂದ ಇಕ್ಕೇರಿಗೆ ಹೊರಟ. ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪಕ್ಕೆ ಬಂದ ಆತ ಆ ನದಿಯ ಚೆಲುವನ್ನು ಮನತುಂಬಿ ಹೊಗಳಿದ್ದಾನೆ. ಹಿಂದೆ ರಾಜಧಾನಿಯಾಗಿದ್ದ ಪಟ್ಟಣ ಆಗಲೇ ಪಾಳುಬಿದ್ದು ಮರಗಿಡಗಳ ಪಾಲಾಗಿದ್ದುದನ್ನೂ, ಮೆಣಸಿನ ರಾಣಿಯ ಕಥೆಯನ್ನೂ ಬರೆದಿಟ್ಟಿದ್ದಾನೆ. ಬಳಿಕ ದಟ್ಟ ಕಾಡಿನ ದಾರಿಯಲ್ಲಿ ಘಟ್ಟವೇರಿ, ಮೇಲ್ತುದಿಯಲ್ಲಿ ದಾರಿಯನ್ನು ಕಾಯುತ್ತಿದ್ದ ಕೋಟೆಯನ್ನು ತಲುಪಿದ. ಅವನ ಬರಹದಲ್ಲಿರುವ ಹೆಸರಿನಿಂದ ಅದು ಇಂದಿನ ಗೋವರ್ಧನಗಿರಿ ಎಂದು ಗುರುತಿಸಬಹುದು. ಕಾನೂರು ಒಂದೇ ಅಲ್ಲ, ಈ ಘಟ್ಟದ ಹಲವು ಕೋಟೆಗಳು ಒಂದೇ ಕೆಲಸಕ್ಕೆ ಹುಟ್ಟಿದವು: ಕೆಳಗಿನ ರೇವಿಗೂ ಮೇಲಿನ ನಾಡಿಗೂ ನಡುವೆ ಯಾರು ಹೋಗುತ್ತಾರೆ, ಏನು ಹೊತ್ತು ಹೋಗುತ್ತಾರೆ ಎಂಬುದನ್ನು ಕಾಯುವುದಕ್ಕೆ.

ಕೋಟೆಯ ಬಾಗಿಲೆಂದರೆ ಯುದ್ಧದ ನೆನಪು ಬರುವುದು ಸಹಜ. ಆದರೆ ಘಟ್ಟದ ಕೋಟೆಗಳ ಬಾಗಿಲು ವರ್ಷದ ಬಹುಪಾಲು ದಿನ ಕಂಡದ್ದು ಎತ್ತುಗಳ ಸಾಲನ್ನು, ಮೆಣಸಿನ ಹೇರನ್ನು, ಸುಂಕದ ಲೆಕ್ಕವನ್ನು. ಆ ಹೇರುಗಳಲ್ಲಿದ್ದ ಮೆಣಸಿಗೆ ನೆರಳು ಬೇಕಿತ್ತು, ತೇವ ಬೇಕಿತ್ತು, ಹಬ್ಬಲು ಎತ್ತರದ ಮರ ಬೇಕಿತ್ತು. ಸೊರಬ, ಸಾಗರ, ಸಿದ್ದಾಪುರದ ಕಡೆಯ ಹಳೆಯ ‘ಕಾನು’ಗಳು ಅಂಥವೇ ಕಾಡುಗಳಾಗಿದ್ದವು. ಊರವರು ಅವುಗಳನ್ನು ಕಡಿಯದೆ, ಒಳಗಿನ ಮೆಣಸು, ಬಗನಿ, ದಾಲ್ಚಿನ್ನಿಗಳನ್ನು ಬಳಸುತ್ತ, ದೇವರ ಹೆಸರಿನಲ್ಲಿ ಕಟ್ಟುಪಾಡು ಹಾಕಿಕೊಂಡು ಕಾಯುತ್ತಿದ್ದರು. ಕಾನೂರಿನ ಹೆಸರಿನಲ್ಲಿಯೇ ಕಾನು ಇದೆ. ರಾಣಿಯ ಬೊಕ್ಕಸ ತುಂಬುತ್ತಿದ್ದುದು ಕಾಡು ನಿಂತಿದ್ದರಿಂದ. ಕಡಿದಿದ್ದರೆ ಎರಡನೆಯ ವರ್ಷಕ್ಕೇ ಬರಿದಾಗುತ್ತಿತ್ತು. ಶಾಲೆಯ ಪಾಠದಲ್ಲಿ ರಾಣಿಯ ಶೌರ್ಯದ ಮಾತಿದೆ, ಇರಬೇಕಾದದ್ದೇ. ಈ ಲೆಕ್ಕವೂ ಅದರ ಪಕ್ಕದಲ್ಲಿ ಇದ್ದರೆ ಮಲೆನಾಡಿನ ಮಕ್ಕಳಿಗೆ ಹೆಚ್ಚು ಅರ್ಥವಾದೀತು.

ಈಗ ಸಿಂಗಳೀಕದ ವಿಷಯ. ಮಲೆನಾಡಿನಲ್ಲಿ ಮೂರು ಬಗೆಯ ಮಂಗಗಳಿವೆ. ತೋಟಕ್ಕೆ, ಮನೆಯ ಮಾಡಿಗೆ, ಬಸ್ ನಿಲ್ದಾಣಕ್ಕೆ ಬರುವುದು ಸಾಮಾನ್ಯ ಮಂಗ ಅಥವಾ ಕೋಡಗ. ಕರಿಮುಖದ, ಉದ್ದ ಬಾಲದ, ಎಲೆ ಮೇಯುವುದು ಮುಸುವ. ಮೂರನೆಯದು ಸಿಂಗಳೀಕ: ಮೈಯೆಲ್ಲ ಕಪ್ಪು, ಮುಖದ ಸುತ್ತ ಬೂದುಬಿಳಿಯ ಕೇಸರ, ಸಿಂಹದ ಬಾಲದಂತೆ ತುದಿಯಲ್ಲಿ ಗೊಂಡೆ. ಊರಿನ ಹಲವರು ಬಾಳಿನುದ್ದಕ್ಕೂ ಇದನ್ನು ಕಣ್ಣಾರೆ ಕಂಡಿರಲಾರರು, ಏಕೆಂದರೆ ಅದು ನೆಲಕ್ಕಿಳಿಯುವುದೇ ಅಪರೂಪ. ನಿತ್ಯಹರಿದ್ವರ್ಣದ ಕಾಡಿನ ಮೇಲ್ಛಾವಣಿಯಲ್ಲಿ, ಕೊಂಬೆಯಿಂದ ಕೊಂಬೆಗೆ ದಾಟುತ್ತ ಹಣ್ಣು, ಬೀಜ, ಹುಳುಹುಪ್ಪಟೆಗಳನ್ನು ಹುಡುಕಿ ಅದು ದಿನ ಕಳೆಯುತ್ತದೆ. ಹಲಸು, ಹೆಬ್ಬಲಸು, ಅತ್ತಿಯ ಜಾತಿಯ ಮರಗಳು, ರಾಂಪತ್ರೆ, ಉಪ್ಪಾಗೆ, ಹೀಗೆ ಒಂದು ಮುಗಿದರೆ ಇನ್ನೊಂದು ಎಂಬಂತೆ ವರ್ಷವಿಡೀ ಹಣ್ಣು ಸಿಗುವ ಕಾಡು ಮಾತ್ರ ಅದಕ್ಕೆ ಆಗಿಬರುತ್ತದೆ. ಹೆಣ್ಣು ಮೊದಲ ಮರಿ ಹಾಕಲು ಆರು ವರ್ಷವಾದರೂ ಆಗಬೇಕು. ಆ ಮೇಲೆ ಎರಡೂವರೆ ವರ್ಷಕ್ಕೊಮ್ಮೆ ಒಂದೊಂದು ಮರಿ. ಇಷ್ಟು ನಿಧಾನವಾಗಿ ಬೆಳೆಯುವ ಸಂಸಾರದಲ್ಲಿ ರಸ್ತೆಯ ಮೇಲೆ ಸತ್ತ ಒಂದು ತಾಯಿಯ ಸ್ಥಾನ ಬೇಗನೆ ತುಂಬುವುದಿಲ್ಲ.

ಜಗತ್ತಿನಲ್ಲಿ ಉಳಿದಿರುವ ಸಿಂಗಳೀಕಗಳ ಸಂಖ್ಯೆ ನಾಲ್ಕು ಸಾವಿರದ ಆಸುಪಾಸು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಇವು ಕರ್ನಾಟಕ, ಕೇರಳ, ತಮಿಳುನಾಡುಗಳ ಘಟ್ಟದಲ್ಲಿ ತುಂಡು ತುಂಡು ಕಾಡುಗಳಲ್ಲಿ ಹಂಚಿಹೋಗಿವೆ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಹೊನ್ನವಳ್ಳಿ ಕುಮಾರ ಅವರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಶಿರಸಿ-ಹೊನ್ನಾವರದ ಕಾಡುಗಳಲ್ಲಿ 32 ಗುಂಪುಗಳಿರುವುದನ್ನು ತೋರಿಸಿದಾಗಲೇ, ಈ ಜಾತಿಯ ಬಡಗಣ ಗಡಿಯಲ್ಲಿ ಇಷ್ಟು ದೊಡ್ಡ ನೆಲೆಯೊಂದು ಇದೆಯೆಂಬುದು ಹೊರಜಗತ್ತಿಗೆ ಸ್ಪಷ್ಟವಾದದ್ದು. ಆ ಕಾಡಿನ ಬಹುಭಾಗ ಆಗ ಅಭಯಾರಣ್ಯವಾಗಿರಲಿಲ್ಲ. ಜನ ಸೌದೆ ತರುವ, ಸೊಪ್ಪು ಕೊಯ್ಯುವ, ಉಪ್ಪಾಗೆ ಆರಿಸುವ ಬೆಟ್ಟ ಮತ್ತು ಮೀಸಲು ಅರಣ್ಯವಾಗಿತ್ತು. ಜನರಿರುವ ಕಾಡಿನಲ್ಲಿ ಸಿಂಗಳೀಕ ಉಳಿದಿತ್ತು ಎಂಬ ಈ ಸಂಗತಿಯನ್ನು ಅರಣ್ಯ ಇಲಾಖೆ ಮರೆಯಬಾರದು. ಹಾಗೆಯೇ ಉಪ್ಪಾಗೆಗೆ ಒಳ್ಳೆಯ ಬೆಲೆ ಬಂದ ವರ್ಷಗಳಲ್ಲಿ ಹಣ್ಣು ಮಾಗುವ ಮೊದಲೇ ಕೊಂಬೆ ಸಹಿತ ಕಡಿದು ತಂದದ್ದೂ, ಸಿಪ್ಪೆಯನ್ನು ಒಣಗಿಸಲು ಗಾಡಿಗಟ್ಟಲೆ ಸೌದೆ ಉರಿಸಿದ್ದೂ ಉಂಟು. ಇದನ್ನು ಊರವರೂ ಮರೆಯಬಾರದು.

ಕೋಟೆಗೂ ಸಿಂಗಳೀಕಕ್ಕೂ ಒಂದು ಸಂಬಂಧ ಕಲ್ಲಿನ ಸಂದಿಯಲ್ಲಿದೆ. ಅತ್ತಿ, ಬಸರಿ, ಆಲದ ಜಾತಿಯ ಹಣ್ಣನ್ನು ತಿಂದ ಹಕ್ಕಿ, ಮಂಗಗಳು ಹಿಕ್ಕೆಯೊಡನೆ ಬೀಜವನ್ನು ಗೋಡೆಯ ಮೇಲೆ ಬಿಡುತ್ತವೆ. ಬಿರುಕಿನಲ್ಲಿ ಮೊಳೆತ ಸಸಿಯ ಬೇರು ಗೋಡೆಯ ಒಳಕ್ಕಿಳಿದು ಕಲ್ಲನ್ನು ಮೆಲ್ಲನೆ ಸರಿಸುತ್ತದೆ. ಮಲೆನಾಡಿನ ಹಾಳು ಕೋಟೆಗಳಲ್ಲಿ ಬಾಗಿಲ ಚೌಕಟ್ಟನ್ನು ಬೇರುಗಳು ಬಿಗಿದು ಹಿಡಿದಿರುವ ದೃಶ್ಯ ಅಪರೂಪವಲ್ಲ. ಮರವನ್ನು ತೆಗೆದರೆ ಕಲ್ಲು ಉದುರುತ್ತದೆ, ಬಿಟ್ಟರೆ ಇನ್ನಷ್ಟು ಬಾಯಿ ಬಿಡುತ್ತದೆ. ಇದಕ್ಕೆ ಪಾರೆ, ಗುದ್ದಲಿಯ ಉತ್ತರ ಸಾಲದು. ಯಾವ ಮರವನ್ನು ಎಳೆಯದಿರುವಾಗಲೇ ಕೀಳಬೇಕು, ಯಾವುದನ್ನು ಗೋಡೆಯ ಭಾಗವೆಂದೇ ಒಪ್ಪಿಕೊಂಡು ಉಳಿಸಬೇಕು ಎಂಬುದನ್ನು ಪುರಾತತ್ವದವರೂ ಕಾಡು ಬಲ್ಲವರೂ ಒಟ್ಟಿಗೆ ಕುಳಿತು ನಿರ್ಧರಿಸಬೇಕಾಗುತ್ತದೆ. ಇವೆಲ್ಲಕ್ಕಿಂತ ಹೆಚ್ಚಿನ ಹಾನಿ ಮಾಡಿದವರು ನಿಧಿಗಳ್ಳರು. ಬಸದಿಯ ನೆಲ, ಬಾಗಿಲ ಬುಡ ಎನ್ನದೆ ಅಗೆದವರಿಗೆ ಸಿಕ್ಕಿದ್ದೇನೋ, ಆದರೆ ಶಿಲ್ಪ, ಶಾಸನಗಳು ಇದ್ದ ಜಾಗದಿಂದ ಒಮ್ಮೆ ಅಲುಗಿದರೆ ಅವು ಹೇಳಬಹುದಾಗಿದ್ದ ಇತಿಹಾಸ ಅರ್ಧ ಹೋದಂತೆಯೇ.

ಪ್ರವಾಸಿಗಳು ತರುವ ಹಾನಿ ಇಷ್ಟು ಒರಟಲ್ಲ. ಅದು ಪ್ರೀತಿಯ ರೂಪದಲ್ಲಿ ಬರುತ್ತದೆ. ಘಟ್ಟದ ತಿರುವುಗಳಲ್ಲಿ ಕಾರು ನಿಲ್ಲಿಸಿ, ಮಗುವಿನ ಕೈಯಿಂದ ಮಂಗಕ್ಕೆ ಬಿಸ್ಕತ್ತು ಕೊಡಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಮುಂದೆ ಹೋಗುವವರು ತಾವು ಪುಣ್ಯ ಕಟ್ಟಿಕೊಂಡೆವೆಂದೇ ಭಾವಿಸುತ್ತಾರೆ. ಹನುಮಂತನ ನಾಡಿನಲ್ಲಿ ಈ ಭಾವನೆಯನ್ನು ಅಣಕಿಸಬೇಕಾದುದಿಲ್ಲ. ಆದರೆ ಬಿಸ್ಕತ್ತು ತಿಂದ ಮಂಗ ಮರುದಿನವೂ ಅದೇ ತಿರುವಿಗೆ ಬರುತ್ತದೆ, ಮರಿಯನ್ನೂ ಕರೆತರುತ್ತದೆ. ಕಾಡಿನಲ್ಲಿ ದಿನವಿಡೀ ಹುಡುಕಿ ತಿನ್ನಬೇಕಾದಷ್ಟು ಆಹಾರ ರಸ್ತೆಯ ಬದಿಯಲ್ಲಿ ಅರ್ಧ ಗಂಟೆಯಲ್ಲಿ ಸಿಕ್ಕರೆ ಉಳಿದ ಹೊತ್ತು ಜಗಳಕ್ಕೆ, ಕಿತ್ತುಕೊಳ್ಳುವುದಕ್ಕೆ ಹೋಗುತ್ತದೆ. ಪ್ರವಾಸಿಗಳಿಲ್ಲದ ದಿನ ಅದು ಎಲ್ಲಿಗೆ ಹೋಗುತ್ತದೆಂಬುದನ್ನು ಬಾಳೆಗೊನೆ ಕಳೆದುಕೊಂಡ, ಎಳೆಯ ಅಡಿಕೆ, ಏಲಕ್ಕಿ, ಕೊಕ್ಕೋ ಕಾಯಿಗಳು ನೆಲಕ್ಕೆ ಬಿದ್ದುದನ್ನು ಕಂಡ ಕೃಷಿಕರು ಹೇಳಬಲ್ಲರು. ಮನುಷ್ಯನ ಅಂಜಿಕೆ ಬಿಟ್ಟ ಮಂಗಕ್ಕೆ ಕವಣೆಯ ಕಲ್ಲು, ಪಟಾಕಿ ಯಾವುದೂ ಲೆಕ್ಕಕ್ಕಿಲ್ಲ. ಪೇಟೆಯವರ ಒಂದು ಪೊಟ್ಟಣದ ಪುಣ್ಯವನ್ನು ಹಳ್ಳಿಯವರು ಇಡೀ ಫಸಲಿನಲ್ಲಿ ತೀರಿಸಬೇಕಾಗಿ ಬಂದಿದೆ.

ಸಿಂಗಳೀಕ ಈ ಚಟಕ್ಕೆ ಬಿದ್ದರೆ ಏನಾಗುತ್ತದೆಂಬುದನ್ನು ತಮಿಳುನಾಡಿನ ವಾಲ್ಪಾರೈಯಲ್ಲಿ ನೋಡಬಹುದು. ಅಲ್ಲಿ ಚಹಾ ತೋಟಗಳ ನಡುವೆ ತುಂಡಾಗಿ ಉಳಿದ ಪುದುತೋಟ್ಟಂ ಎಂಬ ಸಣ್ಣ ಕಾಡಿನ ಸಿಂಗಳೀಕಗಳು ನೆಲಕ್ಕಿಳಿದು, ರಸ್ತೆ ದಾಟಿ, ಮನೆಗಳ ಮಾಡು ಏರುವುದನ್ನು ಕಲಿತವು. ವಾಹನಕ್ಕೆ ಸಿಕ್ಕಿ ಸತ್ತವು. ಕೊನೆಗೆ ಸಂರಕ್ಷಣಾ ಕಾರ್ಯಕರ್ತರು ರಸ್ತೆಯ ಮೇಲೆ ಮರದಿಂದ ಮರಕ್ಕೆ ತೂಗುಸೇತುವೆಗಳನ್ನು ಕಟ್ಟಿ, ಕಾವಲುಗಾರರನ್ನು ನಿಲ್ಲಿಸಬೇಕಾಯಿತು. ಶರಾವತಿ ಕಣಿವೆಯ ಕಾಡು ಇನ್ನೂ ಅಷ್ಟು ತುಂಡಾಗಿಲ್ಲ. ಆದರೆ ಹೊನ್ನಾವರ-ಸಾಗರ ಹೆದ್ದಾರಿ ಈ ಕಾಡನ್ನೇ ಸೀಳಿ ಹೋಗುತ್ತದೆ. ರಾಂಪತ್ರೆಯ ಜಡ್ಡಿಗಳಿಗೆ ಹೆಸರಾದ, 2000ದಲ್ಲಿ ಸಸ್ಯಲೋಕಕ್ಕೆ ಹೊಸದೊಂದು ಮರದ ಜಾತಿಯನ್ನು ಕೊಟ್ಟ ಕತ್ತಲೆಕಾನು ಇರುವುದೂ ಇದೇ ಹೆದ್ದಾರಿಯ ಮಗ್ಗುಲಲ್ಲಿ. ರಸ್ತೆಯ ಎರಡೂ ಬದಿಯ ಮರಗಳ ಕೊಂಬೆ ಮೇಲೆ ಕೂಡಿರುವವರೆಗೆ ಸಿಂಗಳೀಕಕ್ಕೆ ರಸ್ತೆ ಇಲ್ಲವೆಂದೇ ಲೆಕ್ಕ. ಅಗಲೀಕರಣದ ಹೆಸರಿನಲ್ಲಿ ಆ ಕೊಂಬೆಗಳು ಬಿಟ್ಟುಹೋದ ದಿನ ಕಾಡು ಎರಡಾಗುತ್ತದೆ. ಕಾನೂರು ಕೋಟೆಯವರೆಗೆ ವಾಹನದ ರಸ್ತೆ ಬೇಡವೆನ್ನಲು ಬೇರೆ ಕಾರಣ ಬೇಕಿಲ್ಲ.

ರಸ್ತೆ ಬೇಡವೆಂದರೆ ಜನರು ಬರಬಾರದೆಂದಲ್ಲ. ಇಂದು ಕೋಟೆಯ ಕಡೆಗೆ ಕಾಲುನಡಿಗೆಯಲ್ಲಿ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಡಿನ ದೃಷ್ಟಿಯಿಂದ ಅದು ಸರಿಯೇ. ಆದರೆ ಅನುಮತಿಯ ಕ್ರಮ ಊರಿನ ಶಾಲೆಯ ಮೇಷ್ಟರಿಗೆ ಕಷ್ಟವಾಗಿ, ದೂರದ ನಗರದ ಚಾರಣ ವ್ಯಾಪಾರಿಗಳಿಗೆ ಸುಲಭವಾಗಬಾರದು. ಕಾಡಂಚಿನ ಹಳ್ಳಿಗಳ ಯುವಕ ಯುವತಿಯರಿಗೆ ಮಾರ್ಗದರ್ಶಕರ ತರಬೇತಿ ಕೊಟ್ಟು, ದಿನಕ್ಕೆ ಇಷ್ಟೇ ಜನರೆಂದು ಮಿತಿ ಹಾಕಿ, ಬರುವ ಶುಲ್ಕದಲ್ಲಿ ಗ್ರಾಮ ಅರಣ್ಯ ಸಮಿತಿಗೆ ಪಾಲು ಕೊಟ್ಟರೆ ಕೋಟೆಗೆ ಕಾವಲುಗಾರರೂ ಸಿಗುತ್ತಾರೆ, ನಿಧಿಗಳ್ಳರ ಗುದ್ದಲಿಗೆ ಹೆದರಿಕೆಯೂ ಹುಟ್ಟುತ್ತದೆ. ಕಾಡಿನ ದಾರಿ ಬಲ್ಲವರನ್ನು ಹೊರಗಿಟ್ಟು ಕಾಡು ಕಾಯಲು ಯಾವ ಇಲಾಖೆಯಿಂದಲೂ ಆಗಿಲ್ಲ.

ಇಲ್ಲಿ ಹಳ್ಳಿಯವರ ಕಹಿಯನ್ನೂ ಹೇಳಬೇಕು. ಅಭಯಾರಣ್ಯವೆಂಬ ಮಾತಿನಲ್ಲಿ ಅಭಯವಿದ್ದರೂ ಮಲೆನಾಡಿನ ಕಾಡಂಚಿನವರಿಗೆ ಕೇಳಿಸುವುದು ಭಯವೇ. ಅದಕ್ಕೆ ಕಾರಣವಿದೆ. 1948ರಲ್ಲಿ ಜೋಗದ ವಿದ್ಯುದಾಗಾರ, ಅದಕ್ಕೆ ನೀರೂಡಿಸಲು ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ. ನಾಡಿಗೆ ಬೆಳಕಾಗಲೆಂದು ಊರು, ಗದ್ದೆ, ತೋಟ, ದೇವಸ್ಥಾನ ಬಿಟ್ಟು ಎದ್ದುಹೋದ ಸಾವಿರಾರು ಕುಟುಂಬಗಳು ಶಿವಮೊಗ್ಗ ಜಿಲ್ಲೆಯ ಕಾಡು ಜಾಗಗಳಲ್ಲಿ ನೆಲೆ ಕಂಡುಕೊಂಡವು. ಆ ನೆಲಕ್ಕೆ ಹಕ್ಕುಪತ್ರ ಕೇಳುತ್ತ ಮೂರು ತಲೆಮಾರು ಕಳೆದಿದೆ. ಹಿನ್ನೀರಿನ ಆಚೆ ಉಳಿದ ತುಮರಿ ಭಾಗದವರು ಆರು ದಶಕ ಲಾಂಚನ್ನೇ ನಂಬಿ ಬದುಕಿದರು. ಅಂಬಾರಗೊಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. ಇಂಥವರ ಮುಂದೆ ನಿಂತು ಮಂಗಕ್ಕಾಗಿ ಇಷ್ಟು ಬಿಡಿ ಎಂದರೆ ಅವರು ಮುಖ ತಿರುಗಿಸುವುದು ತಪ್ಪಲ್ಲ. ಸಿಂಗಳೀಕದ ಅಭಯಾರಣ್ಯ ನಿಲ್ಲಬೇಕಾದರೆ ಅದರೊಳಗಿನ, ಅಂಚಿನ ಹಳ್ಳಿಗಳ ಹಕ್ಕುಪತ್ರದ ಪ್ರಶ್ನೆಯೂ ಬಗೆಹರಿಯಬೇಕು. ಸೊಪ್ಪು, ಸೌದೆ, ಉಪ್ಪಾಗೆ, ಮುರುಗಲಿನ ಬಳಕೆಗೆ ಊರವರೇ ಒಪ್ಪಿದ ನಿಯಮವಿರಬೇಕು. ಕೋಡಗಗಳ ಹಾವಳಿಗೆ 2020ರ ಹೊತ್ತಿಗೆ ಸರ್ಕಾರ ಹೊಸನಗರದ ಕಡೆ ‘ಮಂಗಗಳ ಪಾರ್ಕ್’ ಮಾಡುವ ಮಾತಾಡಿತ್ತು. ಹಿಡಿದು ಬೇರೆಡೆ ಬಿಡುವುದೆಂದರೆ ಒಂದೂರಿನ ಸಂಕಟವನ್ನು ಲಾರಿಯಲ್ಲಿ ಇನ್ನೊಂದೂರಿಗೆ ಸಾಗಿಸುವುದು ಎಂದು ಅಲ್ಲಿನ ಜನ ಎತ್ತಿದ ಆಕ್ಷೇಪದಲ್ಲಿ ಹುರುಳಿತ್ತು.

ಹಳ್ಳಿಯವರಿಂದ ಇಷ್ಟೆಲ್ಲ ಕಟ್ಟುನಿಟ್ಟು ಕೇಳುವ ಸರ್ಕಾರ ಇದೇ ಕಣಿವೆಯಲ್ಲಿ ತಾನೇನು ಮಾಡಹೊರಟಿತು? ಕರ್ನಾಟಕ ವಿದ್ಯುತ್ ನಿಗಮದ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ 2000 ಮೆಗಾವಾಟಿನದು. ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ವಿದ್ಯುತ್ ಅಗ್ಗವಿರುವ ಹೊತ್ತಿನಲ್ಲಿ ಮೇಲಿನ ತಲಕಳಲೆಗೆ ಎತ್ತಿ, ಬೇಡಿಕೆ ಏರಿದಾಗ ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು ಇದರ ಕ್ರಮ. ಹೊಸ ವಿದ್ಯುತ್ತನ್ನು ಇದು ಹುಟ್ಟಿಸುವುದಿಲ್ಲ. ಎತ್ತಲು ತಗಲುವ ವಿದ್ಯುತ್ ಇಳಿಸುವಾಗ ಸಿಗುವುದಕ್ಕಿಂತ ಹೆಚ್ಚೇ. ಬಿಸಿಲು, ಗಾಳಿಯ ವಿದ್ಯುತ್ತನ್ನು ಕೂಡಿಡಲು ಇಂಥದೊಂದು ವ್ಯವಸ್ಥೆ ಬೇಕೆಂಬ ವಾದವನ್ನು ತಳ್ಳಿಹಾಕಲಾಗದು. ಕೂಡಿಡಲು ಬ್ಯಾಟರಿಯಂತಹ ದಾರಿಗಳೂ ತೆರೆದಿವೆ, ಕಾಡಿಲ್ಲದ ಜಾಗಗಳೂ ಇವೆ. ಇಲ್ಲಿ ಮಾತ್ರ ಸುರಂಗಗಳೂ ನೆಲದಡಿಯ ವಿದ್ಯುದಾಗಾರವೂ ಅಗೆದ ಮಣ್ಣು-ಕಲ್ಲಿನ ರಾಶಿಯೂ ಭಾರಿ ವಾಹನದ ರಸ್ತೆಗಳೂ ಬರಬೇಕಾದದ್ದು ಸಿಂಗಳೀಕದ ಅಭಯಾರಣ್ಯದಲ್ಲಿ. ಯೋಜನೆಯ ಕಾಗದಪತ್ರಗಳೇ ಐವತ್ತಕ್ಕೂ ಹೆಚ್ಚು ಹೆಕ್ಟೇರ್ ಅರಣ್ಯವನ್ನೂ ಹದಿನೈದು ಸಾವಿರಕ್ಕೂ ಮಿಕ್ಕ ಮರಗಳನ್ನೂ ಲೆಕ್ಕ ಹಾಕಿವೆ.

2025ರ ಜೂನ್‌ನಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಈ ಯೋಜನೆಗೆ ತಾತ್ವಿಕ ಒಪ್ಪಿಗೆ ನೀಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾರ್ಗಲ್ ಮತ್ತು ಗೇರುಸೊಪ್ಪದಲ್ಲಿ ನಡೆದ ಅಹವಾಲು ಸಭೆಗಳಲ್ಲಿ ಘಟ್ಟದ ಮೇಲಿನವರೂ ಕೆಳಗಿನವರೂ ಒಟ್ಟಾಗಿ ವಿರೋಧ ದಾಖಲಿಸಿದರು. ಬಳಿಕ ಅರಣ್ಯ ಭೂಮಿಯ ಪ್ರಸ್ತಾಪ ಕೇಂದ್ರದ ಅರಣ್ಯ ಸಲಹಾ ಸಮಿತಿಯ ಮುಂದೆ ಬಂದಾಗ, ಆ ವರ್ಷ ನಿರ್ಧಾರ ಮುಂದಕ್ಕೆ ಹೋಯಿತು. ಸ್ಥಳ ಪರಿಶೀಲನೆಗೆ ಬಂದ ಅರಣ್ಯ ಅಧಿಕಾರಿಗಳ ವರದಿ ಯೋಜನೆಗೆ ಅನುಕೂಲವಾಗಿರಲಿಲ್ಲವೆಂಬುದು ಗಮನಾರ್ಹ. ರಾಣಿಯ ಅಂಚೆಚೀಟಿ, ತುಮರಿಯ ಸೇತುವೆ, ಕಣಿವೆಯ ಸುರಂಗಕ್ಕೆ ಒಪ್ಪಿಗೆ, ಇವೆಲ್ಲ ಎರಡೇ ತಿಂಗಳ ಅಂತರದಲ್ಲಿ ಬಂದವು. ಇಪ್ಪತ್ತು ಮಕ್ಕಳ ಒಂದು ಗುಂಪು ಬರಿಗಾಲಿನಲ್ಲಿ ಕೋಟೆ ನೋಡಿ ಬರಲು ಅರ್ಜಿ, ಶುಲ್ಕ, ಷರತ್ತು ಎಂದು ಓಡಾಡಬೇಕಾದ ಕಾಡಿನಲ್ಲಿ ಸಿಡಿಮದ್ದು ಸಿಡಿಸಲು ತಾತ್ವಿಕ ಒಪ್ಪಿಗೆ ಎಂಬ ಮಾತಿದೆಯೆಂದರೆ, ಬಾಗಿಲು ಕಾಯುವವರು ಯಾರ ಹೇರನ್ನು ತಡೆಯುತ್ತಾರೆ, ಯಾರದನ್ನು ಬಿಡುತ್ತಾರೆ ಎಂದು ಕೇಳುವುದು ಊರವರ ಹಕ್ಕು.

ಈ ಪ್ರಾಣಿಯ ಹೆಸರಿನಲ್ಲಿ ಒಂದು ಜಲವಿದ್ಯುತ್ ಯೋಜನೆ ನಿಂತ ಉದಾಹರಣೆ ದೂರದಲ್ಲಿಲ್ಲ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ 1970ರ ದಶಕದಿಂದ ಮೇಷ್ಟರುಗಳು, ವಿಜ್ಞಾನಿಗಳು, ಕವಿಗಳು ಕೂಡಿ ನಡೆಸಿದ ಚಳವಳಿಯ ಬಳಿಕ ಯೋಜನೆ ಕೈಬಿಟ್ಟಿತು; 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಆ ಚಳವಳಿಯ ಮುಖಚಿತ್ರ ಸಿಂಗಳೀಕವಾಗಿತ್ತು. ಉತ್ತರ ಕನ್ನಡದಲ್ಲಿ ಬೇಡ್ತಿ ಯೋಜನೆಯನ್ನು 1980ರ ದಶಕದ ಆರಂಭದಲ್ಲಿ ತಡೆದವರು ಅಡಿಕೆ ಬೆಳೆಗಾರರು ಮತ್ತು ಅವರ ಸಹಕಾರ ಸಂಘ. ಲಾಭ-ನಷ್ಟದ ಲೆಕ್ಕವನ್ನು ತಜ್ಞರೆದುರು ಇಟ್ಟು, ಸರ್ಕಾರದ ಅಂಕಿಗಳನ್ನು ಒಂದೊಂದಾಗಿ ಪ್ರಶ್ನಿಸಿ ಅವರು ಗೆದ್ದರು. ಶರಾವತಿಯ ವಿಷಯದಲ್ಲೂ ಘೋಷಣೆಗಿಂತ ಲೆಕ್ಕ ಹೆಚ್ಚು ಕೆಲಸಕ್ಕೆ ಬರುತ್ತದೆ. ಕಾಲೇಜಿನ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಇಲ್ಲಿ ಅವರಿಗೆ ಕೆಲಸವಿದೆ: ಪರಿಸರ ಪರಿಣಾಮ ವರದಿಯನ್ನು ಕನ್ನಡದಲ್ಲಿ ಊರವರಿಗೆ ಓದಿ ಹೇಳುವುದು, ಅದರಲ್ಲಿ ಹೆಸರಿಸದ ಮರ, ಹಳ್ಳ, ಜಡ್ಡಿಗಳನ್ನು ಪಟ್ಟಿ ಮಾಡುವುದು.

ಕೋಟೆಗೆ ಹೋಗುವ ಶಾಲೆಗಳು ಕೆಲವು ವಿಷಯಗಳನ್ನು ನೆನಪಿಡಬೇಕು. ಮೊದಲನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಇನ್ನೂ ಈ ಸೀಮೆಯನ್ನು ಬಿಟ್ಟಿಲ್ಲ. 2018ರ ಕೊನೆಯಿಂದ 2019ರ ಬೇಸಗೆಯವರೆಗೆ ಸಾಗರ ತಾಲೂಕಿನ ಅರಲಗೋಡು ಪಂಚಾಯಿತಿಯ ಹಳ್ಳಿಗಳು ಅದರಿಂದ ಅನುಭವಿಸಿದ ಸಾವು-ನೋವನ್ನು ಅಲ್ಲಿನವರು ಮರೆತಿಲ್ಲ. ಅದು ಈ ಕಾಡಿನದೇ ಅಂಚು. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಗಿದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಉಣುಗುಗಳ ಕಾಟ ಹೆಚ್ಚು. ಆದುದರಿಂದ ಕಾಯಿಲೆ ಕಾಣಿಸಿಕೊಂಡ ವರ್ಷ ಆ ಭಾಗದ ಕಾಡಿಗೆ ಮಕ್ಕಳನ್ನು ಕರೆದೊಯ್ಯಲೇಬಾರದು. ಉಳಿದ ವೇಳೆಯಲ್ಲೂ ಮೈತುಂಬ ಬಟ್ಟೆ, ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ತಪ್ಪಬಾರದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅರಣ್ಯ ಸಿಬ್ಬಂದಿಗೂ ತಿಳಿಸಬೇಕು. ಕಾಯಿಲೆಯನ್ನು ಹರಡುವುದು ಉಣುಗು, ಮಂಗವೂ ಮನುಷ್ಯನಂತೆಯೇ ಅದರಿಂದ ಸಾಯುತ್ತದೆ. ಹೆಸರು ಮಾತ್ರ ಪಾಪದ ಮಂಗನ ತಲೆಗೆ ಬಂದಿದೆ.

ಬುತ್ತಿಯನ್ನು ಕಾಡಿನೊಳಗೆ ಬಿಚ್ಚದೆ, ಹೊರಡುವ ಊರಿನಲ್ಲಿಯೇ ಊಟ ಮುಗಿಸಿ ಹೋಗುವುದು ಒಳ್ಳೆಯದು; ಒಂದು ಬಾಳೆಹಣ್ಣಿನ ಸಿಪ್ಪೆಯೂ ಬಾಗಿಲ ಬಳಿ ಉಳಿಯಬಾರದು. ಧ್ವನಿವರ್ಧಕ, ಕೇಕೆ ಬೇಡ. ಸುಮ್ಮನೆ ಕುಳಿತರೆ ಮೇಲೆ ಕೊಂಬೆ ಅಲುಗುವ ಸದ್ದು, ಗಂಡು ಸಿಂಗಳೀಕದ ದೂರದ ಕೂಗು ಕೇಳಿಸಬಹುದು, ಕೇಳಿಸದೆಯೂ ಇರಬಹುದು. ಬಾಗಿಲ ಕಲ್ಲಿನ ಮೇಲೆ ಹೆಸರು ಗೀಚುವವರಿಗೆ ಗುರುಗಳು ಅಲ್ಲಿಯೇ ತಿಳಿಹೇಳಬೇಕು. ಹೋಗಿಬಂದ ತರಗತಿಗಳು ದಿನಾಂಕ, ದಾರಿ, ಕಂಡ ಮಂಗಗಳ ಜಾತಿ, ಗುಂಪಿನ ಅಂದಾಜು ಸಂಖ್ಯೆ, ತಿನ್ನುತ್ತಿದ್ದ ಮರದ ಹೆಸರು ಇಷ್ಟನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟು, ಅದರ ಒಂದು ಪ್ರತಿಯನ್ನು ಗ್ರಾಮ ಅರಣ್ಯ ಸಮಿತಿಗೂ ಇನ್ನೊಂದನ್ನು ವಲಯ ಅರಣ್ಯ ಕಚೇರಿಗೂ ಕೊಟ್ಟು, ಸ್ವೀಕೃತಿಯ ಸಹಿ ಪಡೆಯಬೇಕು. ಮುಂದಿನ ಅಹವಾಲು ಸಭೆಯಲ್ಲಿ ಈ ಕಾಡಿನಲ್ಲಿ ಏನಿದೆ ಎಂದು ಯಾರಾದರೂ ಕೇಳಿದಾಗ ಮೇಜಿನ ಮೇಲೆ ಇಡಲು ಆ ಪುಸ್ತಕಗಳು ಬೇಕಾಗುತ್ತವೆ.